ಹಾಡಿದ್ದೂ ನರಳಿದ್ದೂ

ಲಂಡನ್ನಿನ ಕಪ್ಪು ಟ್ಯಾಕ್ಸಿ ಓಡಿಸುವ ಲೈಸೆನ್ಸು ಬೇಕೆನ್ನುವವನು ಮೊದಲು ಒಂದು ಮೊಪೆಡ್ ಹೊಂದಿಸಿಕೊಳ್ಳುತ್ತಾನೆ. ಅದರ ಹ್ಯಾಂಡಲ್ಲಿಗೆ ಒಂದು ಹಲಗೆ, ಹಲಗೆಗೆ ಸಿಕ್ಕಿಸಿದ ನಕ್ಷೆ, ನಕ್ಷೆಯ ಮೇಲೆ ಮಳೆಗೆಂದು ಪ್ಲಾಸ್ಟಿಕ್ಕು. ಆಮೇಲೆ ಚಳಿಯೆನ್ನದೆ ಮಳೆಯೆನ್ನದೆ ಬೀದಿ ಸುತ್ತುವುದೇ ಕೆಲಸ. ಚೇರಿಂಗ್ ಕ್ರಾಸ್‌ನಿಂದ ಆರು ಮೈಲಿಯೊಳಗೆ ಸುಮಾರು 25,000 ಬೀದಿಗಳಿವೆ. ಅವುಗಳ ಜೊತೆಗೆ ಆಸ್ಪತ್ರೆ, ಹೋಟೆಲು, ನಾಟಕಶಾಲೆ, ಪೊಲೀಸ್ ಠಾಣೆ, ಎಲ್ಲವೂ ತಲೆಯಲ್ಲಿರಬೇಕು. ಕೊನೆಗೆ ಸೂಟು ಹಾಕಿಕೊಂಡು ಪರೀಕ್ಷಕರ ಎದುರು ಕೂರಬೇಕು. ಅವರು ಎರಡು ಜಾಗಗಳ ಹೆಸರು ಹೇಳುತ್ತಾರೆ, ಅಷ್ಟೇ. ಅಲ್ಲಿಂದ ಇಲ್ಲಿಗೆ ಎಲ್ಲಿ ಎಡಕ್ಕೆ, ಎಲ್ಲಿ ಬಲಕ್ಕೆ, ಯಾವ ತಿರುವು ನಿಷಿದ್ಧ ಎಂಬುದನ್ನೆಲ್ಲ ನಕ್ಷೆ ನೋಡದೆ ಒಪ್ಪಿಸಬೇಕು. 1865ರಿಂದ ನಡೆದುಬಂದಿರುವ ಈ ಪರೀಕ್ಷೆಯನ್ನು ಅಲ್ಲಿಯವರು ‘ದಿ ನಾಲೆಜ್’ ಎನ್ನುತ್ತಾರೆ. ಪಾಸಾಗಲು ಮೂರು ನಾಲ್ಕು ವರ್ಷ ಬೇಕು. ಅರ್ಧ ದಾರಿಯಲ್ಲಿ ಕೈಬಿಟ್ಟವರಿಗೆ ಲೆಕ್ಕವಿಲ್ಲ.

ಎಲಿನರ್ ಮಗ್ವೈರ್ ಎಂಬ ನರವಿಜ್ಞಾನಿ ಈ ಚಾಲಕರ ಮಿದುಳಿನೊಳಗೆ ಇಣುಕಿದರು. ನಮ್ಮ ತಲೆಯಲ್ಲಿ ನೆನಪಿಗೂ ದಾರಿಗೂ ಸಂಬಂಧಿಸಿದ ಹಿಪೊಕ್ಯಾಂಪಸ್ ಎಂಬ ಭಾಗವಿದೆ. ಅದರ ಹಿಂತುದಿ ಟ್ಯಾಕ್ಸಿ ಚಾಲಕರಲ್ಲಿ ಬೇರೆಯವರಿಗಿಂತ ದೊಡ್ಡದಾಗಿತ್ತು. ಈ ಫಲಿತಾಂಶ ಪ್ರಕಟವಾದದ್ದು 2000ದಲ್ಲಿ. ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗೆಂದೇ ಇರುವ ಇಗ್ ನೊಬೆಲ್ ಕೂಡ 2003ರಲ್ಲಿ ಬಂತು. ಆದರೆ ಬುದ್ಧಿವಂತ ಓದುಗ ಕೇಳುವ ಪ್ರಶ್ನೆ ಬಾಕಿ ಇತ್ತು: ಕಲಿತದ್ದರಿಂದ ಮಿದುಳು ಬೆಳೆಯಿತೋ, ಅಂಥ ಮಿದುಳಿದ್ದವರೇ ಈ ಕೆಲಸಕ್ಕೆ ಬಂದರೋ?

ಅದಕ್ಕೆ ಉತ್ತರ ಸಿಗಲು ಆ ಮೊದಲ ಫಲಿತಾಂಶದಿಂದ ಹನ್ನೊಂದು ವರ್ಷ ಹಿಡಿಯಿತು. ತರಬೇತಿಗೆ ಆಗತಾನೇ ಸೇರಿದ್ದ 79 ಜನರನ್ನು ಮೊದಲೇ ಸ್ಕ್ಯಾನ್ ಮಾಡಿ, ವರ್ಷಗಳ ನಂತರ ಮತ್ತೆ ಕರೆದರು. ಅಷ್ಟರಲ್ಲಿ 39 ಮಂದಿ ಪಾಸಾಗಿದ್ದರು. ಆರಂಭದಲ್ಲಿ ಎಲ್ಲರ ಮಿದುಳೂ ಒಂದೇ ತರಹ ಇತ್ತು. ಈಗ ಪಾಸಾದವರಲ್ಲಿ ಮಾತ್ರ ಹಿಪೊಕ್ಯಾಂಪಸ್ಸಿನ ಹಿಂಭಾಗ ಬೆಳೆದಿತ್ತು. ಫೇಲಾದವರಲ್ಲಿ ಇರಲಿಲ್ಲ. ವಾರಕ್ಕೆ ಓದಿದ ಗಂಟೆಗಳನ್ನು ತಾಳೆ ನೋಡಿದರೆ ಪಾಸಾದವರದು ಹೆಚ್ಚುಕಡಿಮೆ ದುಪ್ಪಟ್ಟು.

ಭಾಷಣಕಾರರು ಕಥೆಯನ್ನು ಸಾಮಾನ್ಯವಾಗಿ ಇಲ್ಲಿಗೆ ಮುಗಿಸಿ ಚಪ್ಪಾಳೆ ಗಿಟ್ಟಿಸುತ್ತಾರೆ. ಆದರೆ ಆ ವರದಿಯಲ್ಲಿ ಇನ್ನೊಂದು ಸಾಲಿದೆ. ಪಾಸಾದವರಿಗೆ ಒಂದು ತೊಡಕಾದ ಹೊಸ ಚಿತ್ರವನ್ನು ತೋರಿಸಿ, ಸ್ವಲ್ಪ ಹೊತ್ತಿನ ಮೇಲೆ ನೆನಪಿನಿಂದ ಬರೆಯಲು ಹೇಳಿದರೆ, ಅವರು ಬೇರೆಯವರಿಗಿಂತ ಹಿಂದೆ ಬಿದ್ದರು. ಲಂಡನ್ನನ್ನು ತಲೆಯಲ್ಲಿಟ್ಟುಕೊಂಡದ್ದಕ್ಕೆ ಎಲ್ಲೋ ಒಂದು ಕಡೆ ಬೆಲೆ ತೆತ್ತಿದ್ದರು. ನನಗೆ ಆ ಇಡೀ ಸಂಶೋಧನೆಯಲ್ಲಿ ಅತ್ಯಂತ ಪ್ರಾಮಾಣಿಕವೆನಿಸಿದ ಭಾಗ ಇದೇ.

ಮನುಷ್ಯ ಬದಲಾಗುತ್ತಾನೋ ಇಲ್ಲವೋ ಎಂಬ ವಿಷಯಕ್ಕೆ ಕನ್ನಡದಲ್ಲಿ ಗಾದೆಗಳಿಗೇನೂ ಬರವಿಲ್ಲ. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತದೆ ಒಂದು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂದು ಇನ್ನೊಂದು ಮೂತಿ ತಿರುಗಿಸುತ್ತದೆ. ಬಹಳ ಕಾಲ ವಿಜ್ಞಾನವೂ ಇವುಗಳ ಪಕ್ಷದಲ್ಲೇ ಇತ್ತು. ನರಕೋಶಗಳ ಚಿತ್ರಗಳನ್ನು ಕೈಯಾರೆ ಬರೆದು 1906ರಲ್ಲಿ ನೊಬೆಲ್ ಪಡೆದ ಸ್ಪೇನಿನ ಕಹಾಲ್, ದೊಡ್ಡವರ ಮಿದುಳಿನ ನರಮಾರ್ಗಗಳು ಹಾಕಿದ್ದು ಹಾಕಿದಂತೆಯೇ, ಮುಗಿದ ಕಟ್ಟಡ ಎಂದು ಬರೆದಿಟ್ಟರು. (ಅಭ್ಯಾಸದಿಂದ ನರಗಳ ನಡುವಿನ ಕೊಂಡಿ ಬಲವಾಗಬಹುದು ಎಂದು ಅದಕ್ಕೂ ಮೊದಲು ಊಹಿಸಿದ್ದವರೂ ಅವರೇ. ದೊಡ್ಡವರ ಮಾತಿನಲ್ಲಿ ನಮಗೆ ಬೇಕಾದ ಅರ್ಧವನ್ನೇ ನಾವು ನೆನಪಿಟ್ಟುಕೊಳ್ಳುವುದು.)

ಮರ ಬಗ್ಗುತ್ತದೆಯೇ ಎಂದು ಕೇಳುವವರನ್ನು ನಾನು ಲಖನೌ ಹತ್ತಿರದ ಹಳ್ಳಿಗಳಿಗೆ ಕರೆದುಕೊಂಡು ಹೋಗಲು ಇಷ್ಟಪಡುತ್ತೇನೆ. ಒಂದಕ್ಷರವೂ ಬಾರದಿದ್ದ, ಬಹುತೇಕ ಮೂವತ್ತರ ಆಸುಪಾಸಿನ ಹೆಂಗಸರಿಗೆ ಅಲ್ಲಿ ಆರು ತಿಂಗಳು ಹಿಂದಿ ಓದುಬರಹ ಕಲಿಸಿದರು. ಕಲಿಕೆಗೆ ಮುಂಚೆ ಒಮ್ಮೆ, ಆಮೇಲೆ ಒಮ್ಮೆ ಮಿದುಳನ್ನು ಸ್ಕ್ಯಾನ್ ಮಾಡಿದರು. ಒಂದನೇ ತರಗತಿಯ ಮಟ್ಟ ಮುಟ್ಟಿದ್ದರು, ಅಷ್ಟೇ. ಆದರೆ ಬದಲಾವಣೆ ಮಿದುಳಿನ ಹೊರಪದರದಲ್ಲಷ್ಟೇ ಅಲ್ಲ, ಆಳದಲ್ಲಿ, ಥಲಾಮಸ್ ಮತ್ತು ಮಿದುಳು ಕಾಂಡದವರೆಗೂ ಕಾಣಿಸಿತು. 2017ರಲ್ಲಿ ಪ್ರಕಟವಾದ ಈ ಅಧ್ಯಯನವನ್ನು ಓದಿದಾಗ ನನಗೆ ನೆನಪಾದದ್ದು ನಮ್ಮ ಕಡೆಯ ‘ಹೆಬ್ಬೆಟ್ಟು ಗಿರಾಕಿ’ ಎಂಬ ಬೈಗುಳ. ಸೊಸೈಟಿಯ ಕಟಕಟೆಯಲ್ಲಿ ನೀಲಿ ಶಾಯಿಯ ಡಬ್ಬಿಯನ್ನು ಮುಂದಕ್ಕೆ ತಳ್ಳುತ್ತ, ಹೆಂಗಸಿನ ಮುಖವನ್ನೂ ನೋಡದೆ ಬೆರಳು ಹಿಡಿದು ಒತ್ತಿಸುವ ಗುಮಾಸ್ತನಿಗೆ, ಈಕೆಗೆ ಇಲ್ಲದ್ದು ಬುದ್ಧಿಯಲ್ಲ, ಆರು ತಿಂಗಳು ಎಂದು ಹೇಳುವವರು ಯಾರು?

ಆ ಆರು ತಿಂಗಳೂ ತಾನಾಗಿ ಒದಗಿದ್ದಲ್ಲ ಎಂಬುದನ್ನು ಮರೆಯಬಾರದು. ಕಲಿಸುವವರು ಊರಿಗೆ ಬರಬೇಕಾಯಿತು. ಆ ಹೊತ್ತಿಗೆ ಒಲೆ, ಕೊಟ್ಟಿಗೆ, ಮಗು ಇವುಗಳಿಂದ ಬಿಡುಗಡೆ ಬೇಕಾಯಿತು. ಮಿದುಳು ಬದಲಾಗುತ್ತದೆ ಎಂಬ ಮಾತನ್ನು ಹಿಡಿದುಕೊಂಡು, ಹಾಗಾದರೆ ಬದಲಾಗದವನದೇ ತಪ್ಪು ಎನ್ನುವವರು ಈಗ ಹೆಚ್ಚಾಗಿದ್ದಾರೆ. ಮೊದಲು ಹಣೆಬರಹವನ್ನು ದೂರುತ್ತಿದ್ದೆವು, ಈಗ ಸೋಮಾರಿತನವನ್ನು ದೂರುತ್ತೇವೆ. ಎರಡರಲ್ಲೂ ನಮ್ಮ ಜೇಬಿಗೆ ಕತ್ತರಿ ಬೀಳುವುದಿಲ್ಲ.

ಇನ್ನು ಇದನ್ನೇ ಸರಕು ಮಾಡಿಕೊಂಡವರ ಕಥೆ ಬೇರೆ. ‘ಮಿಡ್‌ಬ್ರೈನ್ ಆ್ಯಕ್ಟಿವೇಷನ್’ ಎಂಬ ಹೆಸರಿನಲ್ಲಿ ಮಕ್ಕಳ ಕಣ್ಣಿಗೆ ಪಟ್ಟಿ ಕಟ್ಟಿ ಓದಿಸುವ ಶಿಬಿರಗಳು ನಮ್ಮ ಊರುಗಳಲ್ಲೂ ನಡೆದವು. ಪಟ್ಟಿಯ ಕೆಳಗೆ, ಮೂಗಿನ ಪಕ್ಕದ ಸಂದಿಯಿಂದ ಮಕ್ಕಳು ನೋಡುತ್ತಾರೆ ಎಂಬುದನ್ನು ಮಂಗಳೂರಿನ ನರೇಂದ್ರ ನಾಯಕ್ ಅವರಂಥ ವಿಚಾರವಾದಿಗಳು ಬಯಲಿಗೆಳೆದರು. ಮೋಸ ಅನ್ನುವುದು ಇರಲಿ, ಆ ಮಕ್ಕಳು ಅಲ್ಲಿ ನಿಜವಾಗಿ ಏನನ್ನು ಅಭ್ಯಾಸ ಮಾಡಿದವು ಎಂದು ಯೋಚಿಸಿ. ಕದ್ದು ನೋಡುವುದನ್ನು, ನೋಡಿಲ್ಲವೆಂದು ನಟಿಸುವುದನ್ನು, ಅಪ್ಪ ಅಮ್ಮನ ಖುಷಿಗಾಗಿ ಸುಳ್ಳನ್ನು ನಿಭಾಯಿಸುವುದನ್ನು. ಫೀಸು ಕೊಟ್ಟು ಕಲಿಸಿದ ಪಾಠ ಅದು.

ನಮ್ಮ ಗಾದೆಗಳಲ್ಲಿ ಮಿದುಳಿನ ವಿಷಯದಲ್ಲಿ ಸರಿಯಾಗಿ ಮಾತಾಡಿದ್ದು ಮೂರನೆಯದು: ಹಾಡ್ತಾ ಹಾಡ್ತಾ ರಾಗ, ನರಳ್ತಾ ನರಳ್ತಾ ರೋಗ. ಸಂಗೀತದ ಮೇಷ್ಟ್ರುಗಳಿಂದ ಹಿಡಿದು ಕೋಚಿಂಗ್ ಸೆಂಟರಿನವರವರೆಗೆ ಎಲ್ಲರಿಗೂ ಇದರ ಮೊದಲರ್ಧ ಬೇಕು. ಎರಡನೆಯ ಅರ್ಧವನ್ನು ಸೋಗು ಹಾಕುವ ರೋಗಿಗಳನ್ನು ಗದರಲು ಮಾತ್ರ ಬಳಸುತ್ತೇವೆ. ನಿಜದಲ್ಲಿ ಎರಡೂ ಅರ್ಧಗಳು ಒಂದೇ ಯಂತ್ರದ ಕೆಲಸ. ಪಿಟೀಲು ನುಡಿಸುವವರ ಎಡಗೈ ಬೆರಳುಗಳಿಗೆ ಮಿದುಳಿನಲ್ಲಿ ಹೆಚ್ಚು ಜಾಗ ಮೀಸಲಾಗಿರುತ್ತದೆ ಎಂದು 1995ರಲ್ಲಿ ಜರ್ಮನಿಯಲ್ಲಿ ಥಾಮಸ್ ಎಲ್ಬರ್ಟ್ ಮತ್ತು ಸಂಗಡಿಗರು ತೋರಿಸಿದರು. ಅದೇ ಎಲ್ಬರ್ಟ್ ತಂಡ ಮುಂದೆ, ಬೆರಳುಗಳು ಕೈಕೊಟ್ಟ ಸಂಗೀತಗಾರರನ್ನೂ ಪರೀಕ್ಷಿಸಿತು. ಅವರ ಮಿದುಳಿನಲ್ಲಿ ಬೆರಳುಗಳ ಜಾಗಗಳು ಒಂದರ ಹತ್ತಿರ ಒಂದು ಸರಿದು ಕಲಸಿಹೋಗುವಂತಿದ್ದವು. ಅಮೆರಿಕದ ಪಿಯಾನೋ ವಾದಕ ಲಿಯಾನ್ ಫ್ಲೈಶರ್ ಅವರ ಬಲಗೈಯ ಉಂಗುರದ ಬೆರಳು ಮತ್ತು ಕಿರುಬೆರಳು ಮೂವತ್ತಾರರ ಸುಮಾರಿನಲ್ಲಿ ಅಂಗೈಯೊಳಕ್ಕೆ ಮಡಚಿಕೊಳ್ಳತೊಡಗಿದವು. ಮೂಳೆ ಮುರಿದಿರಲಿಲ್ಲ, ಸ್ನಾಯು ಹರಿದಿರಲಿಲ್ಲ. ಮೂರು ದಶಕದ ಹತ್ತಿರ ಎಡಗೈಗೆಂದೇ ಬರೆದ ಸಂಗೀತವನ್ನು ನುಡಿಸಿದರು, ಕಲಿಸಿದರು, ವಾದ್ಯವೃಂದ ನಡೆಸಿದರು. ಎರಡೂ ಕೈಗಳಿಂದ ಮತ್ತೆ ವೇದಿಕೆಯಲ್ಲಿ ನುಡಿಸಲು ಸಾಧ್ಯವಾದದ್ದು 1990ರ ದಶಕದಲ್ಲಿ.

ಸಾಧನೆಗೂ ಕೇಡಿಗೂ ಮಿದುಳು ತೆರೆಯುವ ಬಾಗಿಲು ಒಂದೇ. ಪದೇ ಪದೇ ಬಂದದ್ದನ್ನು, ಮನಸ್ಸಿಟ್ಟು ಮಾಡಿದ್ದನ್ನು ಅದು ತನ್ನದಾಗಿಸಿಕೊಳ್ಳುತ್ತದೆ. ಅದು ಒಳ್ಳೆಯದೋ ಕೆಟ್ಟದ್ದೋ ಎಂದು ವಿಚಾರಿಸುವ ಗೋಜಿಗೆ ಹೋಗುವುದಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಿದುಳಿನ ಸಂಗ್ರಹಾಲಯವಿದೆ. ಮನುಷ್ಯನ ನಿಜವಾದ ಮಿದುಳನ್ನು ಅಲ್ಲಿ ಕೈಯಲ್ಲಿ ಹಿಡಿದು ನೋಡಬಹುದು. ಒಂದೂಕಾಲು, ಒಂದೂವರೆ ಕಿಲೋ ಇರುವ ಆ ಬೂದು ಮುದ್ದೆಯಲ್ಲಿ ಆ ಮನುಷ್ಯ ಬದುಕೆಲ್ಲ ಭಜನೆ ಹಾಡಿದ್ದನೋ, ಹೆಂಡತಿಯ ಮೇಲೆ ಕೂಗಾಡಿದ್ದನೋ ಬರಿಗಣ್ಣಿಗೆ ಗೊತ್ತಾಗುವುದಿಲ್ಲ. ಎರಡಕ್ಕೂ ಅಲ್ಲಿ ಅಷ್ಟೇ ಶ್ರದ್ಧೆಯಿಂದ ಜಾಗ ಆಗಿರುತ್ತದೆ.

ಇಲ್ಲಿಯವರೆಗಿನದು ಅವರವರ ಅಭ್ಯಾಸದ ಮಾತಾಯಿತು. ನನ್ನನ್ನು ಕಾಡುವುದು, ನಾವು ಬೇರೆಯವರಿಂದ ಮಾಡಿಸುವ ಅಭ್ಯಾಸ.

ಎಂಟು ವರ್ಷದ ಹುಡುಗನೊಬ್ಬ ಸಂಜೆ ಹೋಂವರ್ಕ್ ಮಾಡುತ್ತ ಕೂತಿದ್ದಾನೆ ಎಂದುಕೊಳ್ಳಿ. ಅಪ್ಪನ ಸ್ಕೂಟರು ಬೀದಿಯ ತಿರುವಿನಲ್ಲಿರುವಾಗಲೇ ಅವನಿಗೆ ಗೊತ್ತಾಗುತ್ತದೆ. ಬೀದಿಯಲ್ಲಿ ಅಂಥ ಇಪ್ಪತ್ತು ಸ್ಕೂಟರು ಓಡಾಡುತ್ತವೆ, ಆದರೂ ತಪ್ಪುವುದಿಲ್ಲ. ಸ್ಟ್ಯಾಂಡ್ ಹಾಕಿದ ರಭಸ, ಗೇಟಿನ ಚಿಲಕ ಬಿದ್ದ ಬಗೆ, ಚಪ್ಪಲಿ ಕಳಚಿದಾಗ ಅವು ಒಟ್ಟಿಗೆ ಬಿದ್ದವೋ ಒಂದೊಂದಾಗಿ ಬಿದ್ದವೋ, ಇಷ್ಟರಿಂದಲೇ ಆ ರಾತ್ರಿಯ ಹವಾಮಾನ ಅವನಿಗೆ ತಿಳಿದುಹೋಗುತ್ತದೆ. ತಂಗಿಯನ್ನು ಒಳಕೋಣೆಗೆ ಕಳಿಸುತ್ತಾನೆ. ಟೀವಿಯ ಸದ್ದು ತಗ್ಗಿಸುತ್ತಾನೆ. ಮೇಷ್ಟ್ರು ಮಗ್ಗಿ ಕೇಳಿದರೆ ತಡವರಿಸುವ ಈ ಹುಡುಗನನ್ನು ಶಾಲೆಯಲ್ಲಿ ಗಮನವಿಲ್ಲದವನು ಎನ್ನುತ್ತಾರೆ. ಗಮನವೆಲ್ಲ ಎಲ್ಲಿ ಖರ್ಚಾಗಿದೆ ಎಂದು ಯಾರೂ ಕೇಳುವುದಿಲ್ಲ. ಆ ಲಂಡನ್ ಚಾಲಕರಷ್ಟೇ ಪರಿಣತ ಅವನು. ಲೈಸೆನ್ಸು ಕೊಡುವವರಿಲ್ಲ, ಅಷ್ಟೇ.

ಇದು ಬರೀ ಕಥೆಯಲ್ಲ. ಅದೇ ಲಂಡನ್ನಿನಲ್ಲಿ, ಮಗ್ವೈರ್ ಇದ್ದ ವಿಶ್ವವಿದ್ಯಾಲಯದಲ್ಲೇ, ಈಮನ್ ಮೆಕ್ರೋರಿ ಮತ್ತು ಸಂಗಡಿಗರು 2011ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಮನೆಯೊಳಗೆ ಹಿಂಸೆ ಕಂಡ ಮಕ್ಕಳಿಗೆ ಸಿಟ್ಟಿನ ಮುಖಗಳ ಚಿತ್ರ ತೋರಿಸಿದರೆ, ಅಪಾಯದ ಸುಳಿವು ಹಿಡಿಯುವ ಅಮಿಗ್ಡಲ ಮತ್ತು ಇನ್ಸುಲಾ ಎಂಬ ಭಾಗಗಳು ಬೇರೆ ಮಕ್ಕಳಿಗಿಂತ ಜೋರಾಗಿ ಎದ್ದುಕೂರುತ್ತಿದ್ದವು. ಯುದ್ಧ ನೋಡಿ ಬಂದ ಸೈನಿಕರಲ್ಲಿ ಕಂಡಿದ್ದೂ ಇಂಥದೇ. ಆ ಮಕ್ಕಳಿಗೆ ಯಾವ ಮನೋರೋಗವೂ ಇರಲಿಲ್ಲ. ಅವರು ಕಾಯಿಲೆ ಬಿದ್ದಿರಲಿಲ್ಲ, ಕಲಿತಿದ್ದರು. ಮನೆ ಎಂಬ ಶಾಲೆಯಲ್ಲಿ ದಿನವೂ ಹಾಜರಿ ಹಾಕಿ ಕಲಿತಿದ್ದರು. ಚಾಲಕರು ತೆತ್ತಂತೆ ಅವರೂ ಬೆಲೆ ತೆರಬೇಕಾದೀತು, ವ್ಯತ್ಯಾಸವೆಂದರೆ ಈ ಕೋರ್ಸಿಗೆ ಅವರು ಅರ್ಜಿ ಹಾಕಿರಲಿಲ್ಲ.

ಇದನ್ನು ತಿಳಿದ ಮೇಲೆ ‘ಅವನು ಅಂಥವನೇ’ ಎಂಬ ತೀರ್ಪು ನನ್ನ ಬಾಯಲ್ಲಿ ಮೊದಲಿನಷ್ಟು ಸಲೀಸಾಗಿ ಹೊರಡುವುದಿಲ್ಲ. ಅಂಥವನಾಗಲು ಎಷ್ಟು ವರ್ಷ ಹಿಡಿಯಿತು, ಯಾರ ಕೈಕೆಳಗೆ ಎಂಬ ಪ್ರಶ್ನೆ ಅಡ್ಡ ಬರುತ್ತದೆ. ಕಚೇರಿಯಲ್ಲಿ ಸಾಹೇಬರು ಬೆಲ್ ಒತ್ತಿದರೆ ಎದೆ ಧಸಕ್ಕೆನ್ನುವ ಗುಮಾಸ್ತ, ಮನೆಗೆ ಹೋಗಿ ಬೇರೆ ಯಾರದೋ ಎದೆ ಧಸಕ್ಕೆನ್ನಿಸುತ್ತಾನೆ. ರಾತ್ರಿ ಒಂಬತ್ತರ ಚಾನೆಲ್ಲುಗಳಲ್ಲಿ ಅರಚುವವರ ಮುಂದೆ ಕೂತು ಊಟ ಮಾಡುವ ನಾವು, ವಿಷಯ ಏನೇ ಇರಲಿ, ಸಿಟ್ಟನ್ನಂತೂ ತುತ್ತಿನ ಜೊತೆ ಅಭ್ಯಾಸ ಮಾಡುತ್ತೇವೆ.

ಹಾಗಾದರೆ ಕಲಿತದ್ದನ್ನು ಬಿಡಿಸಲಾಗದೇ? ಆಗುತ್ತದೆ, ಆದರೆ ನಾವು ಬಯಸುವಷ್ಟು ಬೇಗ ಅಲ್ಲ. ಭಯದ ಬಗ್ಗೆ ಪ್ರಯೋಗಶಾಲೆಗಳು ಹೇಳುವುದು ಇಷ್ಟು: ಹಳೆಯ ಭಯ ಅಳಿಸಿಹೋಗುವುದು ಅಪರೂಪ. ಅದರ ಮೇಲೆ ‘ಈಗ ಅಪಾಯವಿಲ್ಲ’ ಎಂಬ ಹೊಸ ಕಲಿಕೆ ಪದರವಾಗಿ ಕೂರಬೇಕು. ಪರಿಸ್ಥಿತಿ ಬದಲಾದರೆ, ಆಯಾಸವಾದರೆ ಹಳೆಯದು ಮತ್ತೆ ತಲೆ ಎತ್ತಬಹುದು. ಆದ್ದರಿಂದ ಹೊಸದನ್ನು ಬಿಡದೆ, ಬೇಸರಿಸದೆ ಉಣಿಸುತ್ತಿರಬೇಕಾಗುತ್ತದೆ.

ನಿವೃತ್ತರಾದ ಎಷ್ಟೋ ತಂದೆಯರು ಹೇಳುವುದನ್ನು ಕೇಳಿದ್ದೇನೆ: ಈಗ ನಾನು ದನಿ ಎತ್ತುವುದೇ ಇಲ್ಲ, ಆದರೂ ಮಗ ಫೋನಿನಲ್ಲಿ ಎರಡು ಮಾತಿಗಿಂತ ಹೆಚ್ಚು ಆಡುವುದಿಲ್ಲ. ನಿಜ, ಅವರು ಬದಲಾಗಿದ್ದಾರೆ. ಒಮ್ಮೆ ಕೂರಿಸಿಕೊಂಡು ಆದದ್ದಾಯಿತು ಎಂದೂ ಹೇಳಿರುತ್ತಾರೆ. ಮಗನೂ ತಲೆಯಾಡಿಸಿರುತ್ತಾನೆ. ಆದರೆ ಹದಿನೈದು ವರ್ಷ ಪ್ರತಿ ಸಂಜೆ ನಡೆದ ಪಾಠಕ್ಕೆ ಒಂದು ಭಾನುವಾರದ ಮಾತು ಹೇಗೆ ಸಾಟಿಯಾದೀತು? ಅವರು ಮಾಡಬೇಕಾದದ್ದು ಮತ್ತೆ ಫೋನ್ ಮಾಡುವುದು. ಎರಡೇ ಮಾತಿಗೆ ಮುಗಿದರೂ ಮುನಿಸಿಕೊಳ್ಳದೆ, ನೀನು ಮೊದಲಿಂದಲೂ ಹೀಗೇ ಎಂದು ಹಂಗಿಸದೆ, ಮುಂದಿನ ವಾರ ಇನ್ನೊಮ್ಮೆ ಮಾಡುವುದು.