ಕಂಬ ಉಳಿದರೆ ಮನೆ ಉಳಿಯಿತೇ?

ಹೊಸನಗರದ ಕಡೆಯ ಹಳೆಯ ಮನೆಯೊಂದನ್ನು ಕೆಡಹುವುದನ್ನು ನೋಡಿದವರಿಗೆ ಒಂದು ಸಂಗತಿ ಗೊತ್ತಿರುತ್ತದೆ. ಅಂಥ ಮನೆ ಬೀಳುವುದಿಲ್ಲ. ಹೆಂಚು, ರೀಪು, ಪಕಾಸಿ, ತೊಲೆ, ಕಂಬ ಎಂದು ಮೇಲಿನಿಂದ ಕೆಳಕ್ಕೆ ಬಿಚ್ಚಿಕೊಳ್ಳುತ್ತ ಬರುತ್ತದೆ. ಕಡೆಗೆ ಉಳಿಯುವುದು ಮಣ್ಣಿನ ಗೋಡೆ. ಅದಕ್ಕೆ ಬೆಲೆಯಿಲ್ಲವಾದುದರಿಂದ ಅದನ್ನು ಮಳೆಗೆ ಬಿಟ್ಟುಬಿಡುತ್ತಾರೆ. ಕೆಲವು ವರ್ಷಗಳ ಹಿಂದೆ ನಮ್ಮ ಮನೆಯನ್ನೂ ಹೀಗೆಯೇ ಬಿಚ್ಚಿದೆವು. ಒಳ ಅಂಗಳದ ಸುತ್ತಲಿನ ಹಲಸಿನ ಕಂಬಗಳನ್ನು ಒಬ್ಬ ವ್ಯಾಪಾರಿ ಲಾರಿಯಲ್ಲಿ ಹೇರಿಕೊಂಡು ಹೋದ. ಎಲ್ಲಿಗೆ ಎಂದು ನಾನು ಕೇಳಲಿಲ್ಲ. ಕೇಳದೆ ಇದ್ದುದು ಮರೆವಿನಿಂದಲ್ಲ.

ಆ ಕಂಬಗಳಲ್ಲೊಂದಕ್ಕೆ ಒರಗಿ ಕುಳಿತು ನಮ್ಮಜ್ಜ ಎಲೆಯಡಿಕೆ ಹಾಕಿಕೊಳ್ಳುತ್ತಿದ್ದರು. ಬೆರಳಿನಲ್ಲಿ ಉಳಿದ ಸುಣ್ಣವನ್ನು ಆ ಕಂಬಕ್ಕೇ ಒರಸುತ್ತಿದ್ದರು. ಎಷ್ಟೋ ವರ್ಷಗಳ ಸುಣ್ಣ ಅಲ್ಲಿ ಗಟ್ಟಿಯಾಗಿ ಕುಳಿತಿದ್ದಿತು. ಲಾರಿಗೆ ಏರಿಸುವ ಮುನ್ನ ವ್ಯಾಪಾರಿಯ ಆಳುಗಳು ಅದನ್ನು ಕತ್ತಿಯಿಂದ ಹೆರೆದುಹಾಕಿದರು. ಅವರ ಲೆಕ್ಕದಲ್ಲಿ ಅದು ಕೊಳೆ. ಕಂಬ ಮಾತ್ರ ಕಲೆ.

ಆಮೇಲೆ ಒಮ್ಮೆ ಮಣಿಪಾಲಕ್ಕೆ ಹೋಗಿ ವಿಜಯನಾಥ ಶೆಣೈಯವರು ಕಟ್ಟಿದ ಪಾರಂಪರಿಕ ಗ್ರಾಮವನ್ನು ನೋಡಿದೆ. 1934ರಲ್ಲಿ ಹುಟ್ಟಿ 2017ರಲ್ಲಿ ತೀರಿಕೊಂಡ ಶೆಣೈಯವರು ವಾಸ್ತುವಿದ್ಯೆಯನ್ನು ಕಾಲೇಜಿನಲ್ಲಿ ಕಲಿತವರಲ್ಲ. ಸಿಂಡಿಕೇಟ್ ಬ್ಯಾಂಕಿನ ನೌಕರರು. ಊರೆಲ್ಲ ಹಳೆಯ ಮನೆಗಳನ್ನು ಕೆಡವಿ ತಾರಸಿ ಹಾಕಿಸಿಕೊಳ್ಳುವ ಉತ್ಸಾಹದಲ್ಲಿದ್ದಾಗ, ಸೌದೆಯ ಪಾಲಾಗುತ್ತಿದ್ದ ಬಾಗಿಲು, ಕಿಟಕಿ, ಕಂಬಗಳನ್ನು ಕೊಂಡು ತಂದು, ಅವುಗಳಿಂದಲೇ ತಮಗೊಂದು ಮನೆ ಕಟ್ಟಿಕೊಂಡರು. ಅದರ ಹೆಸರು ಹಸ್ತಶಿಲ್ಪ. ಒಳಾಂಗಣ ವಿನ್ಯಾಸವೆಂಬ ಮಾತು ನಮ್ಮಲ್ಲಿ ಬಳಕೆಗೆ ಬರುವ ಮೊದಲೇ, ಹಳೆಯದರಿಂದ ಹೊಸ ಮನೆಯ ಒಳಗನ್ನು ಹೇಗೆ ಮಾಡಬಹುದೆಂದು ತೋರಿಸಿಕೊಟ್ಟವರು ಅವರು. ನೋಡಬರುವವರು ಹೆಚ್ಚಿ ಹೆಚ್ಚಿ ಕಡೆಗೆ ಅದು ವಾಸದ ಮನೆಯಾಗಿ ಉಳಿಯದೆ ವಸ್ತುಸಂಗ್ರಹಾಲಯವಾಯಿತು. ಮನೆಯೊಂದು ಚೆಲುವಾಗಿರುವುದೇ ಅದರಲ್ಲಿ ಇರಲಾಗದಂತೆ ಮಾಡಿದ ಈ ಪ್ರಸಂಗ ನನಗೆ ಬಹಳ ಯೋಚನೆಗೆ ಹಚ್ಚಿದೆ.

ಆಮೇಲೆ ಅವರು ಬಿಡಿ ಕಂಬಗಳಿಗೆ ತೃಪ್ತರಾಗದೆ ಇಡೀ ಮನೆಗಳನ್ನೇ ಬಿಚ್ಚಿಸಿ, ಒಂದೊಂದು ತುಂಡಿಗೂ ಅಂಕೆ ಹಾಕಿಸಿ, ಮಣಿಪಾಲಕ್ಕೆ ತಂದು ಮತ್ತೆ ನಿಲ್ಲಿಸಿದರು. ಕುಂಜೂರಿನ ಚೌಕಿಮನೆ, ಭಟ್ಕಳದ ನವಾಯತರ ಮನೆ, ಕುಕನೂರಿನ ಕಮಲ ಮಹಲು ಎಲ್ಲ ಅಲ್ಲಿ ನೆರೆಹೊರೆಯಾಗಿವೆ. ಸ್ವೀಡನ್ನಿನ ಸ್ಟಾಕ್‌ಹೋಮಿನಲ್ಲಿ ಆರ್ಥರ್ ಹ್ಯಾಜೆಲಿಯಸ್ ಎಂಬಾತ 1891ರಲ್ಲಿಯೇ ಸ್ಕಾನ್ಸೆನ್ ಎಂಬಲ್ಲಿ ಈ ಬಗೆಯ ಕೆಲಸ ಆರಂಭಿಸಿದ್ದನು. ಅಲ್ಲಿಯೂ ಇಲ್ಲಿಯೂ ಪ್ರಶ್ನೆ ಒಂದೇ: ನೆಲ ಬಿಟ್ಟ ಮನೆ ಮನೆಯೇ?

ಅಲ್ಲ ಎನ್ನುವುದು ಸುಲಭ. ಅಡಿಕೆ ಒಣಗದ ಅಂಗಳ, ಉರಿಯದ ಒಲೆ, ಜಗಳವಾಡದ ದಾಯಾದಿಗಳು; ಇದೆಂಥ ಮನೆ ಎನ್ನಬಹುದು. ಹಾಗೆ ಎನ್ನುವ ಹಕ್ಕು ಕಂಬ ಮಾರಿದ ನನಗೆ ಎಷ್ಟಿದೆಯೆಂಬುದು ಬೇರೆ ಮಾತು. ನಾನಾಗಲಿ ನನ್ನ ಅಣ್ಣತಮ್ಮಂದಿರಾಗಲಿ ಆ ಮನೆಯಲ್ಲಿರಲು ಸಿದ್ಧರಿರಲಿಲ್ಲ. ನಾವು ಇರಲೊಲ್ಲದ ಮನೆಯನ್ನು ಇನ್ನೊಬ್ಬರು ಕಾಯ್ದಿಡಲಿ, ಅದೂ ಮೂಲದ ಜಾಗದಲ್ಲಿಯೇ, ಎಂದು ಬಯಸುವುದರಲ್ಲಿ ಒಂದು ಅಪ್ರಾಮಾಣಿಕತೆ ಇಲ್ಲವೇ?

ನನ್ನ ತಾಯಿಗೆ ಈ ಸಂಕಟ ಯಾವುದೂ ಇರಲಿಲ್ಲ. ಹಗಲಿನಲ್ಲೂ ದೀಪ ಬೇಡುವ ಅಡುಗೆಮನೆ, ಮಳೆಗಾಲದ ಹಸಿ ಸೌದೆಯ ಹೊಗೆ, ನೂರು ಹೆಜ್ಜೆಯಾಚೆಯ ಬಾವಿ. ಹೆಂಚು ಇಳಿಸಿದ ದಿನ ಅಡುಗೆಮನೆಯೊಳಕ್ಕೆ ಮೊದಲ ಬಾರಿ ಬಿಸಿಲು ಬಿದ್ದಾಗ, “ಈಗ ಚೆನ್ನಾಗಿದೆ ನೋಡು” ಎಂದಳು. ಕೆತ್ತನೆಯ ಕಂಬಗಳೆಲ್ಲ ಗಂಡಸರು ಕುಳಿತುಕೊಳ್ಳುವ ಕಡೆಯೇ ಇದ್ದುವೆಂಬುದು ಅಲ್ಲಿಯ ತನಕ ನನಗೆ ಹೊಳೆದಿರಲಿಲ್ಲ. ಮನೆಯ ಚೆಲುವನ್ನು ಕೊಂಡಾಡುವವರು ಅದರ ಬೆಲೆಯನ್ನು ಯಾರು ತೆತ್ತರೆಂದು ಕೇಳಬೇಕಾಗುತ್ತದೆ.

ನಮ್ಮ ಸೀಮೆಯಲ್ಲಿ ಮನೆಯೊಳಗನ್ನು ಸಿಂಗರಿಸುವವರು ಹೆಂಗಸರು. ಸಾಗರ, ಸೊರಬ, ಹೊಸನಗರಗಳ ದೀವರ ಹೆಣ್ಣುಮಕ್ಕಳು ಮದುವೆಗೆ ಮುನ್ನ ಗೋಡೆಗೆ ಕೆಮ್ಮಣ್ಣು ಬಳಿದು, ಅಕ್ಕಿಹಿಟ್ಟಿನ ಬಿಳುಪಿನಲ್ಲಿ ಪುಂಡಿನಾರಿನ ಕುಂಚದಿಂದ ಹಸೆ ಬರೆಯುತ್ತಾರೆ. ಸುಟ್ಟ ಅಕ್ಕಿಯಿಂದ ಕಪ್ಪು. ಗೆರೆಯ ಮೇಲೆ ಗೆರೆ, ಒಂದೂ ಸೊಟ್ಟಗಾಗುವಂತಿಲ್ಲ. ಅದರ ಕೆಳಗೆ ಯಾರೂ ರುಜು ಹಾಕುವುದಿಲ್ಲ. ನಾನು ಒಮ್ಮೆ ಒಬ್ಬ ಮುದುಕಿಯನ್ನು, ಇಷ್ಟು ಚೆಂದದ್ದು ಅಳಿಸಿಹೋಗುತ್ತದಲ್ಲ ಎಂದು ಮರುಗಿ ಕೇಳಿದೆ. ಆಕೆ ನನ್ನನ್ನು ಕನಿಕರದಿಂದ ನೋಡಿ, “ಅಳಿಸದಿದ್ದರೆ ಮಗಳು ಕಲಿಯುವುದು ಯಾವಾಗ?” ಎಂದಳು. ಮೇಷ್ಟರ ಬಳಿ ಉತ್ತರವಿರಲಿಲ್ಲ. ಶೆಣೈಯವರು ವಸ್ತುವನ್ನು ಉಳಿಸಿದರು. ಆಕೆ ಕೈಯನ್ನು ಉಳಿಸಿದಳು. ಕಂಬ ಕಡೆಯುವ ಕೈಗಳು ಅಳಿದ ಮೇಲೆ ಕಂಬವನ್ನಾದರೂ ಉಳಿಸದೆ ಬೇರೆ ದಾರಿ ಯಾವುದು ಎಂದು ಶೆಣೈಯವರ ಪರವಾಗಿ ವಾದಿಸಬಹುದು. ಆ ವಾದವನ್ನು ನಾನು ಒಪ್ಪುತ್ತೇನೆ. ಆದರೂ ನಮ್ಮ ತಾಲ್ಲೂಕಿನವರಿಗೆ ಆಯ್ಕೆಯೇ ಇಲ್ಲದೆಯೂ ಮನೆ ಬಿಚ್ಚಬೇಕಾಗಿದ್ದುದುಂಟು. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿದು ಶರಾವತಿಯ ನೀರು ಏರಿದಾಗ, ಸಾಗರ, ಹೊಸನಗರಗಳ ಹಳ್ಳಿಗಳು ಮುಳುಗಿದುವು. 1948ರ ಹಿರೇಭಾಸ್ಕರ ಅಣೆಕಟ್ಟೂ ಮುಳುಗಿತು. ಆಗ ಎತ್ತಿನ ಗಾಡಿಗಳಲ್ಲಿ ಬಾಗಿಲವಾಡ ಹೊತ್ತು ಹೋದವರನ್ನು ನೆನೆಯುವ ಹಿರಿಯರು ನಮ್ಮಲ್ಲಿದ್ದರು. ಅವರಿಗೆ ಅದು ಕಲೆಯಲ್ಲ, ಮುಂದಿನ ಮನೆಯ ಬಾಗಿಲು.

ಕಳೆದ ಬೇಸಗೆಯಲ್ಲಿ ಕರಾವಳಿಯ ಒಂದು ವಸತಿಗೃಹಕ್ಕೆ ಕಾಫಿಗೆಂದು ಹೋಗಿದ್ದೆ. ಮೊಗಸಾಲೆಯಲ್ಲಿ ಹಲಸಿನ ಕಂಬಗಳು, ಮೈಗೆಲ್ಲ ಹೊಳೆಯುವ ವಾರ್ನಿಷ್. ನಾನು ಒಂದರ ಹಿಂದೆ ಹೋಗಿ, ಕೂತ ಮನುಷ್ಯನ ಕೈ ತಾಕುವಷ್ಟು ಎತ್ತರದಲ್ಲಿ ಬೆರಳಾಡಿಸಿ ನೋಡಿದೆ. ಒಂದು ಕಡೆ ಕತ್ತಿಯಿಂದ ಹೆರೆದಂತೆ ಸ್ವಲ್ಪ ತಗ್ಗಾಗಿತ್ತು. ಹಳೆಯ ಕಂಬಗಳಲ್ಲಿ ಅಂಥ ತಗ್ಗು ಎಲ್ಲಿಯಾದರೂ ಇರಬಹುದು. ಅಷ್ಟರಲ್ಲಿ ಅಲ್ಲಿಯ ಹುಡುಗ ಬಂದು, “ಏನು ಬೇಕು ಸಾರ್?” ಎಂದು ಕೇಳಿದ.