ಯಾಕೆ ಮತ್ತು ಎಷ್ಟು

2020ರ ಏಪ್ರಿಲ್. ಹಾಸ್ಟೆಲ್ ಮುಚ್ಚಿದ್ದರಿಂದ ನಾನು ಸೈದಾಪುರದ ಮನೆಯಲ್ಲಿದ್ದೆ. ಬೆಂಗಳೂರು, ಪುಣೆ, ಮುಂಬೈಗೆ ಗುಳೆ ಹೋದವರ ಕೂಲಿ ನಿಂತು, ನಮ್ಮ ಓಣಿಯ ಒಲೆಗಳೂ ತಣ್ಣಗಾಗುತ್ತಿದ್ದವು. ಒಂದು ದಿನ ಚರ್ಚಿನವರು ಕಿಟ್ ತಂದರು. ಅಕ್ಕಿ, ತೊಗರಿಬೇಳೆ, ಎಣ್ಣೆ, ಸೋಪು. ನೀವು ಯಾರು, ಯಾವ ದೇವರಿಗೆ ನಡೆದುಕೊಳ್ಳುತ್ತೀರಿ ಎಂದು ಅವರು ಕೇಳಲಿಲ್ಲ. ಅವ್ವ ಸೆರಗಿಗೆ ಕೈ ಒರೆಸಿಕೊಂಡು ಚೀಲ ಇಸಿದುಕೊಂಡಳು.

ಆ ಬೇಳೆಯನ್ನು ಡಬ್ಬಿಗೆ ಸುರಿಯಲು ಹೋದಾಗ ಹಿಂದೆ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿಟ್ಟಿದ್ದ ಕಂತಿನ ಪುಸ್ತಕಗಳು ಸಿಕ್ಕವು. ಎರಡು ಸಂಘದ ಸಾಲ. ಜೊತೆಗೆ ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿಯ ಒಂದು ಕೈಸಾಲದ ಚೀಟಿ. ಎಂ.ಎ. ಓದುತ್ತಿದ್ದ ನಾನು ವಿಚಾರಣಾಧಿಕಾರಿಯ ಹಾಗೆ ಕೇಳಿದೆ: 'ಇಷ್ಟೊಂದು ಸಾಲ ಯಾಕ ಮಾಡಿದಿ?'

ಅವ್ವ ತಲೆ ಎತ್ತದೆ ಹೇಳಿದಳು: 'ಅಕ್ಕಿ ಕೊಟ್ಟಾವ್ರು ಯಾಕ ಹಸದೀರಿ ಅಂತ ಕೇಳಲಿಲ್ಲವಾ. ನೀ ಯಾಕ ಕೇಳ್ತಿ?'

ಈ ಮಾತು ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ಹಸಿವನ್ನು ನಾವು ಕಷ್ಟ ಎನ್ನುತ್ತೇವೆ, ಸಾಲವನ್ನು ತಪ್ಪು ಎನ್ನುತ್ತೇವೆ. ಹಸಿದವರ ಮುಂದೆ ತಟ್ಟೆ ಇಡುವ ಕೈಯೇ ಸಾಲಗಾರರ ಮುಂದೆ ಬೆರಳು ತೋರಿಸುತ್ತದೆ. ಆದರೆ ನಮ್ಮಂಥ ಮನೆಗಳಲ್ಲಿ ಇವೆರಡೂ ಬೇರೆ ಬೇರೆ ಅಲ್ಲ. ಈ ತಿಂಗಳ ಕಂತು ಕಟ್ಟಿದ ಮನೆಯಲ್ಲಿ ಈ ತಿಂಗಳು ಬೇಳೆ ಇರುವುದಿಲ್ಲ, ಬೇಳೆ ತಂದ ಮನೆ ಮುಂದಿನ ವಾರ ಇನ್ನೊಂದು ಸಂಘದ ಬಾಗಿಲಲ್ಲಿರುತ್ತದೆ. 2020ರ ಮಾರ್ಚ್‌ನಲ್ಲಿ ರಿಸರ್ವ್ ಬ್ಯಾಂಕ್ ಕಂತು ಮುಂದೂಡಲು ಅವಕಾಶ ಕೊಟ್ಟಿತು, ಆಗಸ್ಟ್ ಕೊನೆಯವರೆಗೂ ಅದು ಮುಂದುವರಿಯಿತು. ಕಂತು ನಿಂತರೂ ಬಡ್ಡಿ ನಿಲ್ಲಲಿಲ್ಲ. ಕಿಟ್ಟಿನ ಅಕ್ಕಿ ಹದಿನೈದು ದಿನಕ್ಕೆ ಮುಗಿಯಿತು.

ಮುಂದೆ ಅದೇ ಚರ್ಚಿನ ಕಡೆಯ ನಿವೃತ್ತ ಮೇಷ್ಟ್ರೊಬ್ಬರು ಓಣಿಯ ಹೆಂಗಸರ ಜೊತೆ ಕಟ್ಟೆಯ ಮೇಲೆ ಕೂತು ಪುಸ್ತಕಗಳನ್ನು ನೋಡತೊಡಗಿದರು. ಅವರು ಒಂದು ಸಲವೂ 'ಯಾಕೆ' ಎನ್ನಲಿಲ್ಲ. ಎಷ್ಟು ತಗೊಂಡಿರಿ, ಎಷ್ಟು ಕಟ್ಟಿದಿರಿ, ಯಾವ ತಾರೀಖು ಎಂದಷ್ಟೇ ಕೇಳಿದರು. ನನಗೆ ಹೇಳದ್ದನ್ನೆಲ್ಲ ಅವ್ವ ಅವರಿಗೆ ಹೇಳಿದಳು. ಮೊದಲು ನೂರಕ್ಕೆ ಮೂರರ ಕೈಸಾಲ ತೀರಿಸಬೇಕೆಂದು ಇಬ್ಬರೂ ಸೇರಿ ಬರೆದರು. 'ಯಾಕೆ' ಕೇಳುವವರು ಎದುರಿಗೆ ಕೂರುತ್ತಾರೆ, 'ಎಷ್ಟು' ಕೇಳುವವರು ಪಕ್ಕದಲ್ಲಿ ಕೂರುತ್ತಾರೆ ಎಂದು ನನಗೆ ಆಗ ಹೊಳೆಯಿತು.

ಹಾಗಾದರೆ 'ಯಾಕೆ' ಎಂಬುದನ್ನು ಕೇಳಲೇಬಾರದೆ? ಕಾರಣ ತಿಳಿಯದಿದ್ದರೆ ಸಾಲ ಮತ್ತೆ ಹುಟ್ಟುತ್ತದಲ್ಲ? ಇದು ನ್ಯಾಯವಾದ ಆಕ್ಷೇಪ. ನನಗನ್ನಿಸುವುದು, ಪ್ರಶ್ನೆ ಸರಿ, ಕೇಳುವ ಬಾಗಿಲು ತಪ್ಪು. ಕುಟುಂಬದ ಎಲ್ಲ ಸಾಲಗಳ ತಿಂಗಳ ಕಂತು ಆದಾಯದ ಅರ್ಧ ಮೀರಬಾರದೆಂದು ರಿಸರ್ವ್ ಬ್ಯಾಂಕ್ 2022ರ ಕಿರುಸಾಲ ನಿಯಮಗಳಲ್ಲಿ ಹೇಳಿತು. ಬೆಳಿಗ್ಗೆ ಒಂಬತ್ತಕ್ಕೆ ಮೊದಲು, ಸಂಜೆ ಆರರ ನಂತರ ವಸೂಲಿಯ ಕರೆ ಮಾಡಬಾರದೆಂದೂ ಹೇಳಿತು. ಆದರೂ ಬಲವಂತದ ವಸೂಲಿಗೆ ಜನ ಊರು ಬಿಟ್ಟರು, ಜೀವ ಕಳೆದುಕೊಂಡರು. ಕೊನೆಗೆ 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತರಬೇಕಾಯಿತು. ತೀರಿಸಲಾಗದೆಂದು ಗೊತ್ತಿದ್ದೂ ಯಾಕೆ ಕೊಟ್ಟಿರಿ ಎಂಬುದು ಕೊಟ್ಟವರನ್ನು ಕೇಳಬೇಕಾದ ಪ್ರಶ್ನೆ.

ಅಕ್ಕಿಯೊಂದೇ ಸಾಲದು ಎಂಬುದು ಈ ನಾಡಿಗೆ ಹೊಸ ತಿಳಿವಳಿಕೆಯಲ್ಲ. 1905ರಲ್ಲಿ ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಕಟ್ಟಿದ ಪತ್ತಿನ ಸಹಕಾರ ಸಂಘ ಸಾಲದ ಲೆಕ್ಕವನ್ನು ಸಾಹುಕಾರನ ಪೆಟ್ಟಿಗೆಯಿಂದ ಊರವರ ಕೈಗೆ ತಂದಿತು. ಬಾಸೆಲ್ ಮಿಷನ್ ಕರಾವಳಿಯಲ್ಲಿ ಮಗ್ಗ, ಹೆಂಚಿನ ಕಾರ್ಖಾನೆ ಹಾಕಿದ್ದಕ್ಕೆ, ಮತಾಂತರವಾಗಿ ಜಾತಿಯ ಕಸುಬು ಕಳೆದುಕೊಂಡವರಿಗೆ ಕೆಲಸ ಬೇಕಾಗಿದ್ದದ್ದೂ ಒಂದು ಕಾರಣ. ಅಲ್ಲಿ ಅನ್ನ ಕೊಡುವ ಕೈಯೇ ಧಣಿಯ ಕೈಯೂ, ಗುರುವಿನ ಕೈಯೂ ಆಗಿತ್ತು. ಸಹಾಯ ಮಾಡುವವರು ನಮ್ಮ ಬದುಕನ್ನು ಎಷ್ಟರಮಟ್ಟಿಗೆ ತಿಳಿದಿರಬೇಕು ಎಂಬ ಕಷ್ಟದ ಪ್ರಶ್ನೆ ಅಲ್ಲಿಂದಲೂ ಏಳುತ್ತದೆ.

ನನಗೆ ಉತ್ತರದ ಹತ್ತಿರ ಕರೆದೊಯ್ಯುವವಳು ಆಯ್ದಕ್ಕಿ ಲಕ್ಕಮ್ಮ. ಪಕ್ಕದ ರಾಯಚೂರು ಜಿಲ್ಲೆಯ ಲಿಂಗಸುಗೂರು ಸೀಮೆಯವಳೆಂದು ಹೇಳುತ್ತಾರೆ. ಬಿದ್ದ ಅಕ್ಕಿ ಆಯುವ ಕಾಯಕದ ಗಂಡ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ, ಹೆಚ್ಚಿನದನ್ನು ಅಲ್ಲೇ ಸುರಿದು ಬಾ ಎಂದವಳು. ಇದನ್ನು ನಾವು ಆಸೆ ಬಿಡುವ ಪಾಠವಾಗಿ ಓದುತ್ತೇವೆ. ನನಗೆ ಇನ್ನೊಂದೂ ಕಾಣುತ್ತದೆ. ತನ್ನ ಮನೆಗೆ ಎಷ್ಟು ಬೇಕು ಎಂಬ ಅಳತೆ ಅವಳ ಕೈಯಲ್ಲೇ ಇತ್ತು. ಬಡವರಿಂದ ಮೊದಲು ಕಸಿದುಕೊಳ್ಳುವುದು ಈ ಅಳತೆಯನ್ನು. ಕಿಟ್ಟಿನಲ್ಲಿ ಏನಿರಬೇಕೆಂದು ಕೊಡುವವರು ತೀರ್ಮಾನಿಸುತ್ತಾರೆ, ಕಂತು ಎಷ್ಟೆಂದು ಸಾಲ ಕೊಟ್ಟವರು ತೀರ್ಮಾನಿಸುತ್ತಾರೆ. ಒಳ್ಳೆಯ ಸಹಾಯವೆಂದರೆ ಆ ಅಳತೆಯನ್ನು ಮನೆಯವರಿಗೆ ತಿರುಗಿ ಒಪ್ಪಿಸುವುದು.

ಆ ಮೂರು ಸಾಲಗಳಲ್ಲಿ ಒಂದರ ತಾರೀಖು ಆಮೇಲೆ ನನ್ನ ಕಣ್ಣಿಗೆ ಬಿತ್ತು. ನಾನು ಎಂ.ಎ. ಸೇರಿದ ತಿಂಗಳು. ಹಾಸ್ಟೆಲ್ ಫೀಸಿಗೆ ದುಡ್ಡು ಬೇಕೆಂದು ಅವತ್ತು ಫೋನ್ ಮಾಡಿದ್ದೆ. ಅವ್ವ ಕೇಳಿದ್ದು ಒಂದೇ ಮಾತು.

'ಎಷ್ಟು ಬೇಕವಾ?'