ಅಗ್ಗದ ಔಷಧವೂ ಅಚೌರ್ಯಾಣುವ್ರತವೂ

ಅಣುವ್ರತಗಳು ಐದರಲ್ಲಿ ಅಚೌರ್ಯವೇ ಪಾಲನೆಗೆ ಸುಲಭವೆಂಬ ಭಾವನೆ ಗೃಹಸ್ಥರಲ್ಲಿ ಬೇರೂರಿದೆ. ಕನ್ನ ಹಾಕದವನು, ತೂಕದಲ್ಲಿ ಮೋಸ ಮಾಡದವನು, ದಾರಿಯಲ್ಲಿ ಬಿದ್ದ ಪರರ ಒಡವೆಯನ್ನು ಮುಟ್ಟದವನು ತನ್ನ ವ್ರತಕ್ಕೆ ಕಲೆಯಿಲ್ಲವೆಂದು ನೆಮ್ಮದಿಯಿಂದಿರುತ್ತಾನೆ. ಆದರೆ ವ್ರತದ ಪರೀಕ್ಷೆ ರೋಗಿಯ ಹಾಸಿಗೆಯ ಬಳಿಯಲ್ಲಿಯೂ ಬಂದು ನಿಲ್ಲುತ್ತದೆ. ಒಂದು ದೇಶದಲ್ಲಿ ದುಬಾರಿಯಾದ ಔಷಧವನ್ನು ಮತ್ತೊಂದು ದೇಶದ ಔಷಧದಂಗಡಿಯಿಂದ ಕಡಿಮೆ ಬೆಲೆಗೆ ತರಿಸಿಕೊಳ್ಳುವ ರೂಢಿ ಇಂದು ಎಲ್ಲೆಡೆ ಇದೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ಶ್ರಾವಕರ ಮನೆಗಳಿಗೂ ಈ ಪ್ರಶ್ನೆ ದೂರದ್ದಲ್ಲ. ಅಮೆರಿಕದಲ್ಲಿ ನೆಲಸಿದ ಮಗನು ಊರಿನಲ್ಲಿರುವ ತಂದೆಗೆ, “ಇಲ್ಲಿ ಈ ಮಾತ್ರೆಗೆ ವಿಪರೀತ ಬೆಲೆ, ಅಲ್ಲಿಂದ ಆರು ತಿಂಗಳಿಗಾಗುವಷ್ಟು ಕಳುಹಿಸಿ” ಎಂದು ಕೇಳಿದರೆ, ತಂದೆ ಏನು ಮಾಡತಕ್ಕದ್ದು? ವಿಶೇಷವೇನೆಂದರೆ, ಇಲ್ಲಿ ವಿದೇಶದ ಔಷಧದಂಗಡಿಯೆಂದರೆ ನಮ್ಮ ಪೇಟೆಬೀದಿಯ ಅಂಗಡಿಯೇ.

ನಮ್ಮ ದೇಶದಲ್ಲಿ ಔಷಧ ಅಗ್ಗವಾದುದಕ್ಕೆ ಕಾರಣವುಂಟು. 1970ರ ಪೇಟೆಂಟ್ ಕಾಯಿದೆ 1972ರಲ್ಲಿ ಜಾರಿಗೆ ಬಂದಾಗ ಔಷಧವೆಂಬ ವಸ್ತುವಿಗೆ ಪೇಟೆಂಟ್ ಕೊಡದೆ, ಅದನ್ನು ತಯಾರಿಸುವ ವಿಧಾನಕ್ಕೆ ಮಾತ್ರ ಕೊಡುವುದೆಂದು ನಿಶ್ಚಯಿಸಿತು. ಬೇರೊಂದು ವಿಧಾನದಿಂದ ಅದೇ ಔಷಧವನ್ನು ತಯಾರಿಸುವ ಹಾದಿ ತೆರೆಯಿತು, ಕಾರ್ಖಾನೆಗಳು ಬೆಳೆದುವು. 2005ರಲ್ಲಿ ವಸ್ತುವಿಗೂ ಪೇಟೆಂಟ್ ಕೊಡುವ ನಿಯಮ ಬಂದರೂ, ಹಳೆಯ ಔಷಧಕ್ಕೆ ಅಲ್ಪ ಬದಲಾವಣೆ ಮಾಡಿ ಏಕಸ್ವಾಮ್ಯವನ್ನು ಮುಂದುವರಿಸುವುದಕ್ಕೆ ಕಾಯಿದೆ ತಡೆಯೊಡ್ಡಿತು. ರಕ್ತದ ಕ್ಯಾನ್ಸರಿಗೆ ಕೊಡುವ ಇಮ್ಯಾಟಿನಿಬ್ ಔಷಧದ ವಿಷಯದಲ್ಲಿ ಸುಪ್ರೀಂ ಕೋರ್ಟು 2013ರ ಏಪ್ರಿಲ್ 1ರಂದು ಇದನ್ನೇ ಎತ್ತಿಹಿಡಿಯಿತು. ಮೂಲ ಕಂಪೆನಿಯ ಮಾತ್ರೆಗೆ ಆಗ ತಿಂಗಳಿಗೆ ಸುಮಾರು 1,20,000 ರೂಪಾಯಿಯಾಗಿತ್ತು. ಇಲ್ಲಿಯ ತಯಾರಕರದಕ್ಕೆ ಸುಮಾರು ಹತ್ತು ಸಾವಿರದೊಳಗೆ ಇತ್ತು. ಈ ಅಂತರವೇ ಮಗನ ಕೋರಿಕೆಯ ಹಿಂದಿರುವುದು.

ಅಮೆರಿಕದ ಕಾನೂನಿನಂತೆ, ಅಲ್ಲಿಯ ಔಷಧ ಇಲಾಖೆಯ ಮಂಜೂರಾತಿ ಇಲ್ಲದ ಔಷಧವನ್ನು ವ್ಯಕ್ತಿಯೊಬ್ಬನು ಹೊರದೇಶದಿಂದ ತರಿಸಿಕೊಳ್ಳುವುದು ಸಾಮಾನ್ಯವಾಗಿ ನಿಷಿದ್ಧ. ಗಂಭೀರ ರೋಗವಿದ್ದು, ಅಲ್ಲಿ ಪರಿಣಾಮಕಾರಿ ಚಿಕಿತ್ಸೆ ದೊರೆಯದಿದ್ದರೆ, ಸ್ವಂತ ಬಳಕೆಗೆ ಮೂರು ತಿಂಗಳಿಗೆ ಮೀರದಷ್ಟನ್ನು ಅಧಿಕಾರಿಗಳು ತಡೆಯದೆ ಬಿಡಬಹುದು. ಅದೇ ಔಷಧ ಅಲ್ಲಿ ದೊರೆಯುತ್ತಿದ್ದು, ಬೆಲೆಗಾಗಿ ಮಾತ್ರ ತರಿಸುವವನಿಗೆ ಈ ಸಡಿಲಿಕೆ ಅನ್ವಯಿಸುವುದಿಲ್ಲ. ಹೀಗಿದ್ದರೂ ಜನರು ತರಿಸುತ್ತಾರೆ. ಸರಕಾರಕ್ಕೂ ಇದು ಗೊತ್ತು. 2024ರ ಜನವರಿಯಲ್ಲಿ ಫ್ಲಾರಿಡಾ ರಾಜ್ಯಕ್ಕೆ ಕೆನಡಾದಿಂದ ಔಷಧ ತರಿಸಲು ಅಲ್ಲಿಯ ಇಲಾಖೆಯೇ ಒಪ್ಪಿಗೆ ಕೊಟ್ಟಿತು.

ಈಗ ಶಾಸ್ತ್ರದ ಕಡೆ ನೋಡಬೇಕು. ಕೊಡದೆ ಇರುವುದನ್ನು ತೆಗೆದುಕೊಳ್ಳುವುದು, ಎಂದರೆ ಅದತ್ತಾದಾನ, ಕಳವಿನ ಲಕ್ಷಣ. ಈ ವ್ರತಕ್ಕೆ ಹೇಳಿರುವ ಐದು ಅತಿಚಾರಗಳಲ್ಲಿ ಮೂರನೆಯದು ವಿರುದ್ಧರಾಜ್ಯಾತಿಕ್ರಮ, ಐದನೆಯದು ಪ್ರತಿರೂಪಕ ವ್ಯವಹಾರ. ಸಮಂತಭದ್ರಸ್ವಾಮಿಗಳ ರತ್ನಕರಂಡದಲ್ಲಿ ಮೊದಲನೆಯದಕ್ಕೆ ಸಮನಾದುದನ್ನು ವಿಲೋಪವೆಂದು ಕರೆದಿದೆ. ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಮಾಡಿರುವ ವಿವರಣೆಯಂತೂ ಈ ಪ್ರಸಂಗಕ್ಕೆಂದೇ ಬರೆದಂತಿದೆ. ಉಚಿತವಾದ ನ್ಯಾಯವನ್ನು ಬಿಟ್ಟು ಬೇರೆ ಪ್ರಕಾರದಿಂದ ಕೊಡುವುದೂ ಕೊಳ್ಳುವುದೂ ಅತಿಕ್ರಮ. ವಿರುದ್ಧ ರಾಜ್ಯದಲ್ಲಿ ಬೆಲೆಬಾಳುವ ದ್ರವ್ಯಗಳು ಅಲ್ಪಮೂಲ್ಯಕ್ಕೆ ದೊರೆಯುವುವೆಂದು ಮಾಡುವ ಪ್ರಯತ್ನವೇ ಈ ದೋಷ ಎಂಬುದು ಅದರ ತಾತ್ಪರ್ಯ. ಗಂಗರ ಕಾಲದ ಆ ಆಚಾರ್ಯರನ್ನು ಪರಂಪರೆಯು ವೈದ್ಯಶಾಸ್ತ್ರಜ್ಞರೆಂದೂ ನೆನೆಯುತ್ತದೆ. ಅವರ ಹೆಸರಿನ ವೈದ್ಯಗ್ರಂಥವನ್ನು ಜಗದ್ದಳ ಸೋಮನಾಥನು ಹನ್ನೆರಡನೆಯ ಶತಮಾನದಲ್ಲಿ ಕರ್ಣಾಟಕ ಕಲ್ಯಾಣಕಾರಕವೆಂದು ಕನ್ನಡಕ್ಕೆ ತಂದನು.

ಹಾಗಾದರೆ ಅಗ್ಗವಾಗಿ ಕೊಳ್ಳುವುದೇ ದೋಷವೆ? ಹಾಗಲ್ಲ. ಪಾವಗಡ ತಾಲ್ಲೂಕಿನ ಮೂರು ಕಡೆಯೂ ಆಂಧ್ರಪ್ರದೇಶ. ಅಲ್ಲಿಯವರು ಹಿಂದೂಪುರಕ್ಕೋ ಕಲ್ಯಾಣದುರ್ಗಕ್ಕೋ ಹೋಗಿ ಕಡಿಮೆ ಬೆಲೆಗೆ ಸಾಮಾನು ತಂದರೆ ಯಾವ ವ್ರತವೂ ಕೆಡುವುದಿಲ್ಲ. ಗಡಿ ದಾಟುವುದಾಗಲಿ ಬೆಲೆ ಕಡಿಮೆಯಾಗುವುದಾಗಲಿ ತನ್ನಷ್ಟಕ್ಕೆ ಪಾಪವಲ್ಲ. ಉಚಿತ ನ್ಯಾಯವನ್ನು ಮೀರುವುದು, ಬೆಲೆಯ ಆಸೆಯೇ ಆ ಮೀರುವಿಕೆಗೆ ಪ್ರೇರಣೆಯಾಗುವುದು, ಇವೆರಡೂ ಕೂಡಿದಾಗ ಅತಿಚಾರ. ಆದುದರಿಂದ ಕೇಳಬೇಕಾದ ಪ್ರಶ್ನೆ ಇದು: ಮಗನು ಉಳಿತಾಯಕ್ಕಾಗಿ ಕೇಳುತ್ತಿದ್ದಾನೆಯೋ, ಉಳಿವಿಗಾಗಿಯೋ?

ಈ ಪ್ರಶ್ನೆಯನ್ನು ಕೇಳದೆಯೇ ಪೊಟ್ಟಣ ಕಟ್ಟುವವರೇ ಹೆಚ್ಚು. ಅಮೆರಿಕದಲ್ಲಿ ಎಲ್ಲ ಔಷಧವೂ ದುಬಾರಿಯಲ್ಲ. ಸಕ್ಕರೆ ರೋಗದ ಮೆಟ್‌ಫಾರ್ಮಿನ್‌ನಂತಹ ಹಳೆಯ ಮಾತ್ರೆಗಳನ್ನು ಅಲ್ಲಿಯ ದೊಡ್ಡ ಅಂಗಡಿಗಳು 2006ರಿಂದಲೇ ತಿಂಗಳಿಗೆ ನಾಲ್ಕು ಡಾಲರಿಗೆ ಕೊಡತೊಡಗಿದವು. ಇನ್ಸುಲಿನ್ ಬಹುಕಾಲ ಬಡವನ ಕೈಗೆಟುಕದಂತಿತ್ತು. 2023ರಲ್ಲಿ ಅದರ ಮುಖ್ಯ ತಯಾರಕರು ಬೆಲೆಯನ್ನು ಬಹಳವಾಗಿ ಇಳಿಸಬೇಕಾಯಿತು. ಹೆಸರು ಬದಲಿಸಿ ಅದೇ ಗುಣದ ಔಷಧ ಬರೆದುಕೊಡಿರೆಂದು ಅಲ್ಲಿಯ ವೈದ್ಯರನ್ನೇ ಕೇಳಿದರೆ, ಎಷ್ಟೋ ಕೋರಿಕೆಗಳು ಊರಿಗೆ ಬರುವ ಮೊದಲೇ ತೀರಿಹೋಗುತ್ತವೆ. ಅನುಕೂಲವಂತನಾದ ಮಗನು ಇಷ್ಟನ್ನೂ ವಿಚಾರಿಸದೆ ತರಿಸಿಕೊಂಡರೆ, ಪೂಜ್ಯಪಾದರು ಹೇಳಿದ ಪ್ರಯತ್ನ ಇದೇ ಎನ್ನಬೇಕು. ಕೆಲಸ ಹೋಗಿ, ವಿಮೆ ತಪ್ಪಿ, ಪ್ರಾಣರಕ್ಷಣೆಯ ಔಷಧಕ್ಕೆ ಹಣವಿಲ್ಲದವನ ಪ್ರಸಂಗ ಬೇರೆ. ಅಲ್ಲಿ ಲೋಭವಿಲ್ಲ. ನಿಯಮ ಮೀರಿದ ಅಂಶ ಉಳಿಯುತ್ತದೆ, ಆಲೋಚನೆ-ಪ್ರತಿಕ್ರಮಣಗಳಲ್ಲಿ ಅದನ್ನು ಹೇಳಿಕೊಳ್ಳಬೇಕು. ಆದರೆ ಅವನನ್ನು ಕಳ್ಳನೆನ್ನುವುದು ಅನ್ಯಾಯ.

ಇಲ್ಲಿ ಒಂದು ಶಂಕೆ ಹುಟ್ಟುತ್ತದೆ. ಔಷಧವನ್ನು ಕಂಡುಹಿಡಿದವನ ಶ್ರಮಫಲವನ್ನು ಅವನು ಕೊಡದೆಯೇ ತೆಗೆದುಕೊಂಡಂತಾಗಲಿಲ್ಲವೆ? ಇದಕ್ಕೆ ಸಮಾಧಾನ. ಪೇಟೆಂಟ್ ಎಂಬುದು ಹೊಲ-ಮನೆಗಳಂತಹ ಒಡೆತನವಲ್ಲ. ರಾಜ್ಯವು ನಿಯಮಿತ ಕಾಲಕ್ಕೆ, ನಿಯಮಿತ ಷರತ್ತಿನ ಮೇಲೆ ಕೊಡುವ ಏಕಸ್ವಾಮ್ಯ. ಕೊಟ್ಟ ರಾಜ್ಯವೇ ಅದಕ್ಕೆ ಮೇರೆಯನ್ನೂ ಹಾಕಬಹುದು. 2012ರ ಮಾರ್ಚಿನಲ್ಲಿ ಯಕೃತ್ತು ಮತ್ತು ಮೂತ್ರಪಿಂಡಗಳ ಕ್ಯಾನ್ಸರಿನ ಸೊರಾಫೆನಿಬ್ ಔಷಧದ ವಿಷಯದಲ್ಲಿ ಹೀಗೆಯೇ ಆಯಿತು. ತಿಂಗಳಿಗೆ 2,80,428 ರೂಪಾಯಿಯಾಗಿದ್ದ ಅದನ್ನು 8,880 ರೂಪಾಯಿಗೆ ಮೀರದಂತೆ ಮಾರಲು ಹೈದರಾಬಾದಿನ ನ್ಯಾಟ್ಕೊ ಕಂಪೆನಿಗೆ ಅನುಮತಿ ದೊರೆಯಿತು. ಮಾರಾಟದ ಶೇಕಡ 6ರಷ್ಟನ್ನು ಪೇಟೆಂಟಿನ ಒಡೆಯನಿಗೆ ರಾಯಧನವಾಗಿ ಕೊಡಬೇಕೆಂದೂ ವಿಧಿಸಲಾಯಿತು. ಹೀಗೆ ಬಂದ ಔಷಧವನ್ನು ಕೊಂಡವನಿಗೆ ಅದತ್ತಾದಾನದ ದೋಷ ತಗಲದು. ಸಾಯುವವನ ಮುಂದೆ ಮೂವತ್ತು ಪಟ್ಟು ಬೆಲೆಯಿಟ್ಟು ಕುಳಿತವನ ಪರಿಗ್ರಹದ ಲೆಕ್ಕವನ್ನೂ ಧರ್ಮವು ಕೇಳುತ್ತದೆಂಬುದನ್ನು ಮರೆಯಲಾಗದು.

ಹೆಚ್ಚಿನ ಮನೆಗಳಲ್ಲಿ ದೋಷ ನುಸುಳುವುದು ಇನ್ನೊಂದು ಬಾಗಿಲಿನಿಂದ. ಹೊರದೇಶಕ್ಕೆ ಹೋಗುವ ಪೊಟ್ಟಣದ ಮೇಲೆ ಒಳಗಿನ ವಸ್ತು ಏನೆಂದು ಬರೆಯಬೇಕು. ಔಷಧವೆಂದು ಬರೆದರೆ ವೈದ್ಯರ ಚೀಟಿ ಕೇಳುವರೆಂದು “ಬಟ್ಟೆ”, “ಸಾರಿನ ಪುಡಿ” ಎಂದು ಬರೆಯುವುದು, ಮಾತ್ರೆಗಳನ್ನು ತಮ್ಮ ಹೊದಿಕೆಯಿಂದ ಬಿಡಿಸಿ ಡಬ್ಬಿಗೆ ತುಂಬುವುದು, ಬೇರೆಯವರ ಹೆಸರಿನ ಚೀಟಿ ತೋರಿಸುವುದು, ಇವು ಅಚೌರ್ಯದ ಜೊತೆಗೆ ಸತ್ಯಾಣುವ್ರತವನ್ನೂ ಕೆಡಿಸುತ್ತವೆ. ಸುಳ್ಳು ಬರೆಹಕ್ಕೆ ಶಾಸ್ತ್ರದಲ್ಲಿ ಕೂಟಲೇಖಕ್ರಿಯೆಯೆಂಬ ಹೆಸರೇ ಇದೆ. ತಂದೆಯು ಮಗನಿಗಾಗಿ ಮಾಡಿದನೆಂಬುದರಿಂದ ಅದರ ಸ್ವರೂಪ ಬದಲಾಗುವುದಿಲ್ಲ. ಹೆಸರಿಲ್ಲದ ಡಬ್ಬಿಯಿಂದ ತಪ್ಪು ಮಾತ್ರೆ ನುಂಗಿದ ಮಗನ ಗತಿಯೇನು ಎಂಬುದು ಇದಕ್ಕಿಂತ ದೊಡ್ಡ ಚಿಂತೆ. ಇನ್ನು ತನ್ನ ಮಗನಿಗೆಂದು ಆರಂಭಿಸಿ, ಅವನ ನೆರೆಯವರಿಗೂ ಕಳುಹಿಸಿ ಲಾಭ ತೆಗೆದುಕೊಳ್ಳುವವನ ವಿಷಯ ಚರ್ಚೆಗೆ ಯೋಗ್ಯವಲ್ಲ. ಅದು ಅತಿಚಾರವನ್ನು ದಾಟಿ ಅನಾಚಾರವಾಯಿತು.

ಪ್ರತಿರೂಪಕ ವ್ಯವಹಾರವೆಂದರೆ ಕೃತಕ ವಸ್ತುವನ್ನು ನಿಜವೆಂದು ತೋರಿಸಿ ವಂಚಿಸುವುದು. ಒಂದೇ ಔಷಧವನ್ನು ಬೇರೊಬ್ಬ ತಯಾರಕನು ತನ್ನ ಹೆಸರಿನಿಂದಲೇ ಮಾರಿದರೆ ಅದು ಪ್ರತಿರೂಪಕವಲ್ಲ. ಈ ಭೇದ ತಿಳಿಯದೆ ಜನೌಷಧಿ ಕೇಂದ್ರದ ಮಾತ್ರೆಯನ್ನು “ನಕಲಿ” ಎನ್ನುವವರು, ಕಂಡರಿಯದ ದೂರದ ಅಂಗಡಿಯ ಜಾಹೀರಾತನ್ನು ನಂಬಿ ಹಣ ಕಳುಹಿಸುವುದು ವಿಪರ್ಯಾಸ. 2012ರಲ್ಲಿ ಅಮೆರಿಕದ ವೈದ್ಯರು ಹೊರದೇಶದಿಂದ ತರಿಸಿದ ಅವಾಸ್ಟಿನ್ ಎಂಬ ಕ್ಯಾನ್ಸರ್ ಔಷಧದಲ್ಲಿ ಔಷಧದ ಅಂಶವೇ ಇರಲಿಲ್ಲವೆಂದು ಪತ್ತೆಯಾಯಿತು. 2024ರ ಮಾರ್ಚಿನಲ್ಲಿ ದೆಹಲಿಯ ಪೊಲೀಸರು, ದುಬಾರಿ ಕ್ಯಾನ್ಸರ್ ಔಷಧಗಳ ಬರಿದಾದ ಸೀಸೆಗಳಿಗೆ ಬೇರೆ ದ್ರವ ತುಂಬಿ ಮಾರುತ್ತಿದ್ದ ಗುಂಪೊಂದನ್ನು ಹಿಡಿದರು. 2022ರಲ್ಲಿ ಗ್ಯಾಂಬಿಯಾ ದೇಶದ ಮಕ್ಕಳ ಸಾವಿಗೆ ಸಂಬಂಧಿಸಿದಂತೆ ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಕೆ ನೀಡಿದ ಕೆಮ್ಮಿನ ಔಷಧಗಳು ನಮ್ಮ ದೇಶದಲ್ಲಿಯೇ ತಯಾರಾದವು. ಇಲ್ಲಿ ಚೌರ್ಯ ಮತ್ತು ಹಿಂಸೆ ಬೇರೆಬೇರೆಯಾಗಿ ಉಳಿಯುವುದಿಲ್ಲ.

ಇದಕ್ಕೆ ವಿರುದ್ಧ ದಿಕ್ಕಿನ ಕಷ್ಟವೂ ಉಂಟು. ಬೆನ್ನುಹುರಿಯ ನರಗಳು ಕ್ಷೀಣಿಸುವಂತಹ ಅಪರೂಪದ ರೋಗದ ಮಗು ಕೊರಟಗೆರೆಯ ಯಾವುದೋ ಹಳ್ಳಿಯಲ್ಲಿದ್ದರೆ, ಅದರ ಔಷಧವನ್ನು ಹೊರದೇಶದಿಂದಲೇ ತರಿಸಬೇಕಾಗಿ ಬರಬಹುದು. ಇಲ್ಲಿ ಕಾನೂನು ಬಾಗಿಲನ್ನು ಮುಚ್ಚಿಲ್ಲ. 1945ರ ಔಷಧ ನಿಯಮಗಳ 36ನೆಯ ನಿಯಮದಂತೆ 12ಎ ನಮೂನೆಯಲ್ಲಿ ಅರ್ಜಿ ಸಲ್ಲಿಸಿ, 12ಬಿ ನಮೂನೆಯ ಪರವಾನಗಿ ಪಡೆದು, ಸ್ವಂತ ಬಳಕೆಗಾಗಿ ತರಿಸಬಹುದು. ಪಟ್ಟಿಗೆ ಸೇರಿದ ಅಪರೂಪದ ರೋಗಗಳ ಔಷಧಗಳಿಗೆ 2023ರ ಏಪ್ರಿಲ್ 1ರಿಂದ ಮೂಲ ಸೀಮಾಸುಂಕದ ವಿನಾಯಿತಿಯನ್ನೂ ಕೊಡಲಾಯಿತು. ಅದಕ್ಕೆ ಜಿಲ್ಲೆಯ ವೈದ್ಯಾಧಿಕಾರಿಗಳ ಪ್ರಮಾಣಪತ್ರ ಸಾಕು. ತುಮಕೂರಿಗೆ ಎರಡು ಸಲ ಓಡಾಡುವ ಬೇಸರಕ್ಕೆ ದಲ್ಲಾಳಿಯ ಕೈಗೆ ಹಣವಿಡುವುದಕ್ಕಿಂತ ಓಡಾಡುವುದೇ ಲೇಸು. ಓದುಬರೆಹ ಬಲ್ಲ ಶ್ರಾವಕನು ಇಂತಹ ಮನೆಯವರಿಗೆ ಅರ್ಜಿ ಬರೆದುಕೊಟ್ಟರೆ, ವೃಷಭಸೇನೆಯ ದೃಷ್ಟಾಂತದಿಂದ ನಾವು ಕೇಳಿ ಬಲ್ಲ ಔಷಧದಾನದಲ್ಲಿ ಅವನಿಗೂ ಪಾಲು ದೊರೆಯುತ್ತದೆ.

ಕಡೆಯದಾಗಿ ಉಪವಾಸಕ್ಕೆ ಸಂಬಂಧಿಸಿದ ಒಂದು ಸಂಗತಿ. ಬೆಲೆಗೆ ಹೆದರಿ ದಿನ ಬಿಟ್ಟು ದಿನ ಮಾತ್ರೆ ನುಂಗುವವರೂ, ಅರ್ಧ ಮುರಿದು ಉಳಿಸುವವರೂ ಉಂಟು. ಮನೆಯ ಹಿರಿಯರು, ಅದರಲ್ಲಿಯೂ ಶ್ರಾವಿಕೆಯರು, ಮಕ್ಕಳಿಗೆ ಭಾರವಾಗಬಾರದೆಂದು ಔಷಧ ಬಿಟ್ಟು, ಕೇಳಿದವರಿಗೆ ಅಷ್ಟಮಿಯ ಉಪವಾಸವೆನ್ನುತ್ತಾರೆ. ಇದನ್ನು ತಪವೆಂದು ಮೆಚ್ಚುವುದು ಕ್ರೂರವಾದ ತಪ್ಪು. ಷೋಡಶಕಾರಣ ಭಾವನೆಗಳಲ್ಲಿ ತ್ಯಾಗಕ್ಕೂ ತಪಕ್ಕೂ ಶಕ್ತಿಯ ಮೇರೆಯನ್ನು ಇಟ್ಟಿದೆ. ಸಮಂತಭದ್ರಸ್ವಾಮಿಗಳು ಭಸ್ಮಕರೋಗದಿಂದ ಬಳಲಿ ಸಲ್ಲೇಖನಕ್ಕೆ ಅಪ್ಪಣೆ ಬೇಡಿದಾಗ ಗುರುಗಳು ಕೊಡಲಿಲ್ಲವೆಂದೂ, ಮುನಿವೇಷವನ್ನೇ ಬಿಟ್ಟು ರೋಗವನ್ನು ಕಳೆದುಕೊಂಡು ಮರಳಿ ದೀಕ್ಷೆ ಪಡೆದರೆಂದೂ ಪರಂಪರೆಯ ಕಥೆ ಹೇಳುತ್ತದೆ. ರೋಗ ಗುಣವಾಗುವ ದಾರಿ ಇರುವಾಗ ಗುರುಗಳು ದೇಹತ್ಯಾಗಕ್ಕೆ ಒಪ್ಪಲಿಲ್ಲ. ಮುನಿಗಳಿಗೂ ಆಹಾರದ ಸಮಯದಲ್ಲಿ ಔಷಧ ಕೊಡುವ ಸಂಪ್ರದಾಯವಿದೆ. ದಶಲಕ್ಷಣ ಪರ್ವ ಬರುವುದಕ್ಕೆ ಮೊದಲೇ ಮನೆಯ ಹಿರಿಯರ ಚೀಟಿಯನ್ನು ವೈದ್ಯರಿಗೆ ತೋರಿಸಿ, ಯಾವುದನ್ನು ಏಕಾಶನದ ಹೊತ್ತಿಗೆ ಹೊಂದಿಸಬಹುದು, ಇನ್ಸುಲಿನ್ ಅಥವಾ ಮೂರ್ಛೆರೋಗದ ಮಾತ್ರೆಯಂತೆ ಯಾವುದನ್ನು ಬಿಡಲೇಬಾರದು ಎಂದು ಕೇಳಿ ಬರೆಸಿಕೊಳ್ಳಬೇಕು. ಅದೇ ಸಮಯದಲ್ಲಿ, ಬರೆದಿರುವ ದುಬಾರಿ ಹೆಸರಿಗೆ ಬದಲಾಗಿ ಜನೌಷಧಿಯಲ್ಲಿ ದೊರೆಯುವುದು ಯಾವುದೆಂದೂ ಕೇಳಬಹುದು.